ರಿತ್ಸುರಿನ್ ತೋಟ, ಸಾನುಕಿ ಉದೋನ್ ಮತ್ತು ಮೀನು ಮುಟ್ಟದ ಅಮ್ಮ

ಜಪಾನಿನ ತಕಮತ್ಸುವಿಗೆ ಹೋಗುವವರು ದಿನದ ಲೆಕ್ಕವನ್ನು ಮಧ್ಯಾಹ್ನದಿಂದ ಹಿಂದಕ್ಕೆ ಹಾಕಬೇಕು. ಅಲ್ಲಿನ ಹೆಸರುವಾಸಿ ಉದೋನ್ (ಗೋಧಿ ಹಿಟ್ಟಿನ ದಪ್ಪ ನೂಡಲ್ಸ್) ಅಂಗಡಿಗಳಲ್ಲಿ ಹೆಚ್ಚಿನವು ಬೆಳಗ್ಗೆಯೇ ಬಾಗಿಲು ತೆಗೆದು ಮಧ್ಯಾಹ್ನ ಎರಡು ಮೂರು ಗಂಟೆಗೆಲ್ಲ ಮುಚ್ಚಿಬಿಡುತ್ತವೆ. ಅಂದು ನಾದಿದ ಹಿಟ್ಟು ಮುಗಿದರೆ ಅದಕ್ಕೂ ಮೊದಲೇ. ಅಲ್ಲಿನ ಹಳೆಯ ದೊರೆಗಳ ರಿತ್ಸುರಿನ್ ತೋಟ ಮಾತ್ರ ಸೂರ್ಯ ಹುಟ್ಟುವ ಹೊತ್ತಿಗೆ ತೆರೆಯುತ್ತದೆ, ಮುಳುಗುವ ಹೊತ್ತಿಗೆ ಮುಚ್ಚುತ್ತದೆ, ಸಮಯ ತಿಂಗಳು ತಿಂಗಳಿಗೂ ಬೇರೆ. ಹಾಗಾಗಿ ಮುಂಜಾನೆ ತೋಟ, ಆಮೇಲೆ ಊಟ. ಹಿಂದಿನ ರಾತ್ರಿಯೇ ಊರು ಸೇರಿಕೊಳ್ಳಬೇಕು. ನಾವು ಹಾಗೇ ಮಾಡಿದೆವು.

ನಾವು ಅಂದರೆ ನಾನು ಮತ್ತು ಅಮ್ಮ. ನಾನು ಕೆಲಸದ ಮೇಲೆ ಒಸಾಕಾದಲ್ಲಿದ್ದೇನೆ, ಅಮ್ಮ ತಿಪಟೂರಿನಿಂದ ಬಂದಿದ್ದಳು. ಈರುಳ್ಳಿ ಬೆಳ್ಳುಳ್ಳಿಗೆ ಅವಳದೇನೂ ತಕರಾರಿಲ್ಲ, ಮೊಟ್ಟೆ ಮೀನು ಮಾತ್ರ ಸುತರಾಂ ಆಗದು. ಅಂಥವರನ್ನು ಎಲ್ಲರೂ ಕ್ಯೋತೋಗೆ ಕರೆದೊಯ್ಯುತ್ತಾರೆ, ಅಲ್ಲಿ ಬೌದ್ಧ ಮಠಗಳ ಸಸ್ಯಾಹಾರ ಸಿಗುತ್ತದೆ ಅಂತ. ನನಗೆ ಆ ಜನಜಂಗುಳಿ ಬೇಡವಾಗಿತ್ತು. ಅಮ್ಮನ ಮಂಡಿಗೆ ಮೆಟ್ಟಿಲುಗಳಿಲ್ಲದ, ಸಮತಟ್ಟಾದ ಜಾಗ ಬೇಕಿತ್ತು.

ಒಸಾಕಾದಿಂದ ಶಿಂಕಾನ್ಸೆನ್ ಎಂಬ ಅತಿವೇಗದ ರೈಲು ಹಿಡಿದು ಒಕಯಾಮಾ, ಅಲ್ಲಿ ಮರೀನ್ ಲೈನರ್ ರೈಲು ಹತ್ತಿದರೆ ಸುಮಾರು ಒಂದು ಗಂಟೆಗೆ ತಕಮತ್ಸು. ರೈಲು ಸೆತೊ ಒಳಗಡಲನ್ನು ದಾಟುವುದು 1988ರಲ್ಲಿ ತೆರೆದ ಸೆತೊ ಮಹಾಸೇತುವೆಯ ಕೆಳ ಅಂತಸ್ತಿನಲ್ಲಿ, ಕಾರು ಲಾರಿಗಳೆಲ್ಲ ನಮ್ಮ ತಲೆಯ ಮೇಲೆ. ಅದಕ್ಕೆ ಮೊದಲು ಹಡಗೇ ಗತಿ. 1955ರ ಮೇ ತಿಂಗಳಲ್ಲಿ ಶಿಉನ್ ಮಾರು ಎಂಬ ಹಡಗು ಮಂಜಿನಲ್ಲಿ ಇನ್ನೊಂದಕ್ಕೆ ಡಿಕ್ಕಿ ಹೊಡೆದು ಮುಳುಗಿ 168 ಜನ ಸತ್ತರು, ಬಹಳಷ್ಟು ಮಂದಿ ಶಾಲಾಪ್ರವಾಸಕ್ಕೆ ಹೊರಟಿದ್ದ ಮಕ್ಕಳು. ಸೇತುವೆ ಬೇಕೆಂಬ ಕೂಗು ಗಟ್ಟಿಯಾದದ್ದು ಆಮೇಲೆ. ರಿತ್ಸುರಿನ್ ತೋಟದ ಹಿಂದಿರುವ ಬೆಟ್ಟದ ಹೆಸರೂ ಶಿಉನ್.

ಸೇತುವೆ ಇಳಿದ ಮೇಲೆ ಕಿಟಕಿಯಾಚೆ ಗದ್ದೆ, ಕೆರೆ, ಗದ್ದೆ, ಮತ್ತೆ ಕೆರೆ. “ಏನೇ ಇದು, ಇಲ್ಲೂ ಕೆರೆಗಳೇ!” ಅಂದಳು ಅಮ್ಮ. ಜಪಾನ್ ಅಂದರೆ ಎಲ್ಲೆಲ್ಲೂ ಮಳೆ ಎಂದುಕೊಂಡಿದ್ದಳು. ತಕಮತ್ಸು ಇರುವ ಈ ಕಗಾವಾ ಪ್ರಾಂತ (ಹಳೆಯ ಹೆಸರು ಸಾನುಕಿ) ದೇಶದಲ್ಲೇ ಅತಿ ಚಿಕ್ಕದು. ಮಳೆಮೋಡಗಳನ್ನು ಎರಡೂ ಕಡೆಯ ಬೆಟ್ಟಸಾಲುಗಳು ತಡೆಯುವುದರಿಂದ ಮಳೆಯೂ ಕಡಿಮೆ, ದೊಡ್ಡ ನದಿಯೂ ಇಲ್ಲ. ಹಾಗಾಗಿ ಜನ ಸಾವಿರಾರು ಕೆರೆ ಕಟ್ಟಿಕೊಂಡರು. ಅವುಗಳಲ್ಲಿ ದೊಡ್ಡದಾದ ಮನ್ನೋ ಕೆರೆಯನ್ನು 821ರಲ್ಲಿ ಬೌದ್ಧ ಗುರು ಕೂಕಾಯ್ ದುರಸ್ತಿ ಮಾಡಿಸಿದರು. ಒಡೆದು ಹಾಳುಬಿದ್ದ ಅದನ್ನು 1631ರಲ್ಲಿ ಮತ್ತೆ ಕಟ್ಟಿದವನು ನಿಶಿಜಿಮಾ ಹಚಿಬೆ ಎಂಬ ಎಂಜಿನಿಯರು. ತೋಟ ನೋಡುವ ಮೊದಲು ಇವನ ಹೆಸರು ತಿಳಿದಿದ್ದರೆ ಚೆನ್ನ. ಎರಡು ಕವಲಾಗಿ ಹರಿದು ಊರನ್ನು ಮುಳುಗಿಸುತ್ತಿದ್ದ ಕೋತೋ ನದಿಯ ಪಶ್ಚಿಮದ ಕವಲನ್ನು ಮುಚ್ಚಿಸಿದವನೂ ಇವನೇ. ನೀರು ಬಿಟ್ಟುಹೋದ ಆ ಹಳೆಯ ಪಾತ್ರದ ಮೇಲೆಯೇ ರಿತ್ಸುರಿನ್ ಹರಡಿಕೊಂಡಿದೆ. ನೆಲದಡಿ ಈಗಲೂ ಹರಿಯುವ ನೀರು ಬೆಟ್ಟದ ಬುಡದಲ್ಲಿ, ಫುಕಿಆಗೆ ಎಂಬಲ್ಲಿ ಉಕ್ಕಿ ಕೊಳಗಳನ್ನು ತುಂಬುತ್ತದೆ. ಇಡೀ ತೋಟದಲ್ಲಿ ಅಮ್ಮ ಅತಿ ಹೆಚ್ಚು ಹೊತ್ತು ನಿಂತದ್ದು ಅಲ್ಲೇ. ಯಾವ ಪ್ರವಾಸಿಯೂ ಫೋಟೋ ತೆಗೆಯದ ಮೂಲೆ ಅದು.

ತೋಟದ ಇತಿಹಾಸ ಚಿಕ್ಕದಾಗಿ ಹೇಳುತ್ತೇನೆ. ಸುಮಾರು 1625ರಲ್ಲಿ ಇಕೋಮಾ ಮನೆತನದ ದೊರೆ ಆರಂಭಿಸಿದ್ದು. 1642ರಲ್ಲಿ ಅಧಿಕಾರ ಮತ್ಸುದೈರಾ ಮನೆತನಕ್ಕೆ ಬಂತು, ಅವರ ಐದನೆಯ ದೊರೆ ಯೊರಿತಕನ ಕಾಲಕ್ಕೆ, 1745ರಲ್ಲಿ, ತೋಟ ಪೂರ್ಣವಾಯಿತು. ಸಾರ್ವಜನಿಕರಿಗೆ ತೆರೆದದ್ದು 1875ರಲ್ಲಿ. ಬೆಟ್ಟವೂ ಸೇರಿ 75 ಹೆಕ್ಟೇರ್, ಓಡಾಡುವ ಭಾಗ 16 ಹೆಕ್ಟೇರ್, ಆರು ಕೊಳ, ಹದಿಮೂರು ಕೃತಕ ದಿಬ್ಬ. ಕನಜಾವಾ, ಒಕಯಾಮಾ, ಮಿತೋ ಊರುಗಳ ತೋಟಗಳಿಗೆ ‘ಮಹಾ ತೋಟತ್ರಯ’ ಎಂಬ ಬಿರುದಿದೆ, ರಿತ್ಸುರಿನ್ ಆ ಪಟ್ಟಿಯಲ್ಲಿಲ್ಲ. ಆದರೆ 1910ರ ಒಂದು ಶಾಲಾ ಪಠ್ಯಪುಸ್ತಕ, ಮರ ಕಲ್ಲುಗಳ ಸೊಗಸಿನಲ್ಲಿ ಇದು ಆ ಮೂರನ್ನೂ ಮೀರಿಸುತ್ತದೆ ಎಂದಿತಂತೆ. ಊರಿನವರು ಅದನ್ನು ಇನ್ನೂ ಮರೆತಿಲ್ಲ.

ಉತ್ತರದ ಬಾಗಿಲು ರೈಲು ನಿಲ್ದಾಣಕ್ಕೆ ಹತ್ತಿರ. ಆದರೂ ನಾನು ಪೂರ್ವದ ಬಾಗಿಲನ್ನೇ ಹೇಳುತ್ತೇನೆ, ಅಲ್ಲಿಂದ ನೇರ ದಕ್ಷಿಣ ತೋಟಕ್ಕೆ ಹೋಗಬಹುದು. ಉತ್ತರದ ಭಾಗ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬದಲಾಯಿಸಿದ್ದು. ವಿಶಾಲವಾಗಿದೆ, ಚೆನ್ನಾಗಿದೆ, ಸಮಯ ಉಳಿದರೆ ನೋಡಿ. ದಕ್ಷಿಣದ್ದು ಹಳೆಯದು, ನೋಡಬೇಕಾದದ್ದು ಅದೇ. ದಾರಿಯನ್ನು ಬೇಕೆಂದೇ ಸೊಟ್ಟಗೆ ಒಯ್ದಿದ್ದಾರೆ. ದಿಬ್ಬ ಬಳಸಿ ತಿರುಗಿದರೆ ಕೊಳ, ಇನ್ನೂ ನಾಲ್ಕು ಹೆಜ್ಜೆ ಇಟ್ಟರೆ ಕೊಳ ಮರೆಯಾಗಿ ಸೇತುವೆ. ಎಲ್ಲ ನೋಟದ ಹಿಂದೆಯೂ ಶಿಉನ್ ಬೆಟ್ಟ. ಬೆಟ್ಟದ ಹಸಿರನ್ನೇ ತೋಟದ ಹಿಂಗೋಡೆಯಾಗಿ ಎರವಲು ಪಡೆದುಕೊಂಡಿದ್ದಾರೆ. ಇಲ್ಲಿ ಬೇಗ ನಡೆದರೆ ನಷ್ಟ ನಮಗೇ.

ಪೈನ್ ಮರಗಳ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಸುಮಾರು 1400 ಮರಗಳಿವೆ, ಅದರಲ್ಲಿ ಸಾವಿರದಷ್ಟಕ್ಕೆ ಮಾಲಿಗಳ ಕೈಕೆಲಸ ನಿರಂತರ ನಡೆಯುತ್ತದೆ. ಒಂದು ದಾರಿಯಲ್ಲಿ ಒಂದು ಪಕ್ಕದ ಮರಗಳನ್ನು ಪೆಟ್ಟಿಗೆಯ ಆಕಾರಕ್ಕೆ, ಇನ್ನೊಂದು ಪಕ್ಕದವನ್ನು ನಿಲ್ಲಿಸಿದ ಪರದೆಯಂತೆ ತಲೆಮಾರುಗಳಿಂದ ಸವರುತ್ತ ಬಂದಿದ್ದಾರೆ. ಪೆಟ್ಟಿಗೆ ಪೈನ್‌ಗಳನ್ನು ಹೊರಗಿನಿಂದ ನೋಡಿ ಮುಂದೆ ಹೋಗಬೇಡಿ, ಬಗ್ಗಿ ಒಳಗೆ ಇಣುಕಿ: ಕೊಂಬೆಗಳು ಅಂಕುಡೊಂಕಾಗಿ ಹೊಸೆದುಕೊಂಡಿವೆ, ನೇರವಾದದ್ದು ಒಂದೂ ಇಲ್ಲ. ನಾವು ಹೋದದ್ದು ನವೆಂಬರ್ ಕೊನೆಗೆ. ಮಾಲಿಯೊಬ್ಬರು ಮೂರು ಕಾಲಿನ ಏಣಿಯ ಮೇಲೆ ನಿಂತು ಹಳೆಯ ಸೂಜಿ ಎಲೆಗಳನ್ನು ಬೆರಳಲ್ಲೇ ಹಿರಿದು ತೆಗೆಯುತ್ತಿದ್ದರು. “ಕತ್ತರಿ ಇಲ್ವಾ ಇವರ ಹತ್ರ?” ಅಮ್ಮ ಕೇಳಿದಳು. ಇದೆ, ಕೊಂಬೆ ರೆಂಬೆಗೆ ಬಳಸುತ್ತಾರೆ. ಎಲೆಯನ್ನು ಕತ್ತರಿಸಿದರೆ ತುದಿ ಕಂದಿ ಕಾಣುತ್ತದೆ, ಒಳಗೆ ಬೆಳಕು ಬೀಳಲು ಹಳೆಯ ಎಲೆ ಬುಡಸಮೇತ ಬರಬೇಕು. ಇನ್ನೊಂದು ಮರವನ್ನು ತಪ್ಪಿಸಬೇಡಿ: 1833ರಲ್ಲಿ, ಆಗ ದೇಶವಾಳುತ್ತಿದ್ದ ಶೋಗುನ್ ತೊಕುಗಾವಾ ಇಎನಾರಿ ಇಲ್ಲಿನ ದೊರೆಗೆ ಉಡುಗೊರೆ ಕೊಟ್ಟ ಬೋನ್ಸಾಯ್. ಕುಂಡದಿಂದ ನೆಲಕ್ಕಿಳಿದ ಅದು ಈಗ ಬೇರುಗಳನ್ನು ಮೇಲೆತ್ತಿಕೊಂಡು ನಿಂತ ದೊಡ್ಡ ಮರ.

ಎಲ್ಲ ಚಿತ್ರಪಟಗಳಲ್ಲೂ ಇರುವ ನೋಟ ಹಿರಾಯ್‌ಹೋ ದಿಬ್ಬದ ಮೇಲಿನದು: ಕೆಳಗೆ ದಕ್ಷಿಣ ಕೊಳ, ಕಮಾನಿನಂಥ ಎಂಗೆತ್ಸು ಸೇತುವೆ, ಆಚೆ ಬೆಟ್ಟ. ಕಲ್ಲಿನ ಮೆಟ್ಟಿಲು ಸ್ವಲ್ಪವೇ, ಆದರೆ ಏರುಪೇರು, ಇಬ್ಬನಿಗೆ ಜಾರುತ್ತದೆ. ಅಮ್ಮ ಕೆಳಗೇ ಕೂತಳು, ನಾನು ಹತ್ತಿ ಬಂದೆ. ಏಳೂವರೆಯ ಬೆಳಕಿನಲ್ಲಿ ಅಲ್ಲಿ ನಾನೂ ಮತ್ತೊಬ್ಬ ಕ್ಯಾಮರಾದವರೂ ಮಾತ್ರ. ಹತ್ತು ಗಂಟೆಗೆ ಅದೇ ದಿಬ್ಬದ ಮೇಲೆ ಸರದಿ ಸಾಲಿತ್ತು. ಮಂಡಿನೋವಿನವರಿಗೆ ದೋಣಿ ಒಳ್ಳೆಯದು. ದೊರೆಗಳ ಕಾಲದ ಮಾದರಿಯ ಮರದ ದೋಣಿಯಲ್ಲಿ ಅರ್ಧ ಗಂಟೆ ಸುತ್ತಿಸುತ್ತಾರೆ. ಟಿಕೆಟ್ಟು ಬೇಗ ಖಾಲಿಯಾಗುತ್ತದೆ, ಒಳಗೆ ಬರುವಾಗಲೇ ಕೇಳಿಕೊಳ್ಳಿ.

ಆಮೇಲೆ ಕಿಕುಗೆತ್ಸುತೆ. ದೊರೆಗಳು ಚಹಾ ಕುಡಿಯಲು ಬಳಸುತ್ತಿದ್ದ, ಕೊಳಕ್ಕೆ ಚಾಚಿಕೊಂಡ ಮರದ ಮನೆ. ನಾಲ್ಕು ದಿಕ್ಕೂ ಅದಕ್ಕೆ ಮುಂಭಾಗವೇ, ಹಿಂಭಾಗ ಅನ್ನುವುದೇ ಇಲ್ಲ. ಬಾಗಿಲುಗಳನ್ನೆಲ್ಲ ಸರಿಸಿದಾಗ ಚಾಪೆಯ ಮೇಲೆ ಕೂತವರಿಗೆ ನೀರು ಕಣ್ಣಿನ ಮಟ್ಟಕ್ಕೇ ಬಂದಂತೆ ಇರುತ್ತದೆ. ಪ್ರತ್ಯೇಕ ದುಡ್ಡು ಕೊಟ್ಟರೆ ಮಾಚ್ಚಾ ಮತ್ತು ಒಂದು ಸಿಹಿ. ಅಮ್ಮ ಹಸಿರು ಚಹಾವನ್ನು ಕಷಾಯದಂತೆ ಒಂದೇ ಗುಟುಕಿಗೆ ಕುಡಿದು, ಸಿಹಿಯನ್ನು ನಿಧಾನಕ್ಕೆ ತಿಂದಳು. ಕ್ರಮ ತಿರುಗುಮುರುಗು, ಸಿಹಿ ಮೊದಲು. ಬಡಿಸಿದ ಹೆಂಗಸು ನಕ್ಕರು, ಅಷ್ಟೇ.

ಇನ್ನು ಉದೋನ್. ಮಳೆ ಕಡಿಮೆಯಾದ್ದರಿಂದ ಭತ್ತದ ಜೊತೆ ಗೋಧಿ ಬೆಳೆದ ನೆಲ. ಕಡಲ ದಡದಲ್ಲಿ ಉಪ್ಪು, ಎದುರಿನ ಶೋದೋಶಿಮಾ ದ್ವೀಪದಲ್ಲಿ ಸೋಯಾ ಸಾಸ್, ಇಬುಕಿ ದ್ವೀಪದಿಂದ ಒಣ ಮೀನು. ಉದೋನಿಗೆ ಬೇಕಾದದ್ದೆಲ್ಲ ಕೈಗೆಟುಕುವಲ್ಲೇ ಇತ್ತು. ಇಂದು ಹಿಟ್ಟಿನ ಗೋಧಿ ಬಹುಪಾಲು ಆಸ್ಟ್ರೇಲಿಯಾದ್ದು, ಸ್ಥಳೀಯ ತಳಿಯ ಹೆಸರು ‘ಸಾನುಕಿ ನೊ ಯುಮೆ’. ಉಪ್ಪುನೀರಲ್ಲಿ ಕಲಸಿದ ಹಿಟ್ಟನ್ನು ಹೊದಿಕೆಯ ನಡುವೆ ಇಟ್ಟು ಕಾಲಲ್ಲಿ ತುಳಿಯುತ್ತಾರೆ, ಹಾಗೇ ಬಿಟ್ಟು, ಲಟ್ಟಿಸಿ, ಕತ್ತರಿಸಿ, ಕುದಿಸಿ, ತಣ್ಣೀರಲ್ಲಿ ತೊಳೆಯುತ್ತಾರೆ. ಹಲ್ಲಿಗೆ ಎದುರಾಡುವ ಆ ಬಿಗುವು ಬರುವುದು ಹೀಗೆ. ತುಳಿಯುವ ವಿಷಯವನ್ನು ಅಮ್ಮನಿಗೆ ತಿಂದ ಮೇಲೆ ಹೇಳಿದೆ.

ತೊಂದರೆ ಇರುವುದು ಸಾರಿನಲ್ಲಿ. ‘ದಾಶಿ’ ಎಂಬ ಆ ತಿಳಿಸಾರು ಇರಿಕೊ ಎಂಬ ಒಣ ಮೀನಿನದು, ಬಿಸಿ ಉದೋನಿಗೆ ಹೊಯ್ಯುವುದು ಅದನ್ನೇ, ತಣ್ಣನೆಯದಕ್ಕೆ ಅದ್ದಿಕೊಳ್ಳಲು ಕೊಡುವ ಸಾಸಿನಲ್ಲೂ ಅದೇ. ಮೇಜಿನ ಮೇಲಿನ ಸೋಯಾ ಸಾಸ್ ಕೂಡ ಎಷ್ಟೋ ಕಡೆ ದಾಶಿ ಬೆರೆಸಿದ್ದು. ‘ಸಸ್ಯಾಹಾರಿ’ ಎಂದು ಹೇಳಿದರೆ ಮಾಂಸ ತೆಗೆದು ಕೊಡುತ್ತಾರೆ, ಮೀನಿನ ಸಾರು ಅವರ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ನಾನು ತೋಟದ ಪೂರ್ವ ಬಾಗಿಲ ಬಳಿ ಕಗಾವಾ ಉತ್ಪನ್ನಗಳ ಮಳಿಗೆಯಲ್ಲಿ ಶೋದೋಶಿಮಾದ ಶುದ್ಧ ಸೋಯಾ ಸಾಸಿನ ಪುಟ್ಟ ಬಾಟಲಿ ಕೊಂಡುಕೊಂಡೆ. ಸೋಯಾ, ಗೋಧಿ, ಉಪ್ಪು, ನೀರು ಬಿಟ್ಟು ಚೀಟಿಯಲ್ಲಿ ಬೇರೇನೂ ಇಲ್ಲದ್ದನ್ನು ಆರಿಸಿ. “ದಾಶಿ ನಾಶಿ ದೆ ಒನೆಗಾಯ್‌ಶಿಮಾಸ್” ಎಂದರೆ ಸಾರು ಬೇಡ ಎಂದು ತಿಳಿಯುತ್ತದೆ. ಹೊರಗಿನ ತಿನಿಸು ಅಂಗಡಿಗೆ ತರುವುದು ಅಲ್ಲಿ ಮರ್ಯಾದೆಯಲ್ಲ, ಬಾಟಲಿ ತೋರಿಸಿ ಕೇಳಿಕೊಂಡೇ ಬಳಸಿ. ನಾವು ಕೇಳಿದ ಕಡೆ ಬೇಡ ಅನ್ನಲಿಲ್ಲ.

ಸ್ವಸಹಾಯ ಅಂಗಡಿಯ ಪದ್ಧತಿ ನಮ್ಮ ದರ್ಶಿನಿಗಳಿಗೆ ಹೋಗಿ ಬಂದವರಿಗೆ ತಟ್ಟನೆ ಅರ್ಥವಾಗುತ್ತದೆ. ತಟ್ಟೆ ಹಿಡಿದು ಸಾಲಲ್ಲಿ ನಿಲ್ಲಿ, ‘ಶೋ’ ಅಂದರೆ ಚಿಕ್ಕದು, ‘ದಾಯ್’ ಅಂದರೆ ದೊಡ್ಡದು. ಕೆಲವು ಕಡೆ ಉದೋನನ್ನು ಜರಡಿಯಲ್ಲಿ ಹಾಕಿ ಬಿಸಿನೀರಲ್ಲಿ ನೀವೇ ಅದ್ದಿಕೊಳ್ಳಬೇಕು. ಮುಂದೆ ಬಜ್ಜಿಯಂಥ ತೆಂಪುರಾಗಳ ಸಾಲು, ಕೊನೆಗೆ ಗಲ್ಲಾ. ಸಿಹಿಗೆಣಸಿನ ತೆಂಪುರಾ ಕಂಡು ಅಮ್ಮ ಕೈ ಚಾಚಿದಳು, ಹಿಟ್ಟಿಗೆ ಮೊಟ್ಟೆ ಹಾಕುವುದು ಸಾಮಾನ್ಯವಾದ್ದರಿಂದ ನಾನು ತಡೆದೆ. ಹೆಚ್ಚಿದ ಈರುಳ್ಳಿ ಸೊಪ್ಪು, ತುರಿದ ಶುಂಠಿ, ಎಳ್ಳು ಎಷ್ಟು ಬೇಕಾದರೂ ಹಾಕಿಕೊಳ್ಳಬಹುದು. ಬೆಲೆ ಕೆಲವೇ ನೂರು ಯೆನ್.

ಅಮ್ಮನಿಗೆ ನಾನು ಕೇಳಿದ್ದು ‘ಕಮಾ-ಆಗೆ’. ಕುದಿಯುವ ಪಾತ್ರೆಯಿಂದ ನೇರ ತೆಗೆದು, ಬೇಯಿಸಿದ ನೀರಿನಲ್ಲೇ ಕೊಡುವುದು. ಅದ್ದಿಕೊಳ್ಳುವ ಸಾಸಿನ ಬಟ್ಟಲನ್ನು ಬಿಟ್ಟು, ನಮ್ಮ ಬಾಟಲಿಯಿಂದ ನಾಲ್ಕು ಹನಿ, ಶುಂಠಿ, ಎಳ್ಳು. ಅಮ್ಮ ಎರಡು ತುತ್ತು ಸುಮ್ಮನೆ ತಿಂದು, ಕೈಚೀಲದಿಂದ ಚಟ್ನಿಪುಡಿ ಡಬ್ಬಿ ತೆಗೆದಳು. “ಹಿಟ್ಟು ಚೆನ್ನಾಗಿದೆ ಕಣೇ, ಆದ್ರೆ ಒಗ್ಗರಣೆ ಮರೆತಿದ್ದಾರೆ.” ಚಟ್ನಿಪುಡಿ ನಿಜಕ್ಕೂ ಹೊಂದಿತು. ಮೀನು ತಿನ್ನುವವರು ಮಾತ್ರ ಬಿಸಿ ದಾಶಿ ಹೊಯ್ದ ‘ಕಾಕೆ’ಯನ್ನೇ ಕೇಳಿ. ನಾನು ಮೀನು ತಿನ್ನುತ್ತೇನೆ, ಆ ಸಾರಿಲ್ಲದೆ ಸಾನುಕಿ ಉದೋನ್ ಅರ್ಧವೇ ಎಂಬುದನ್ನು ಅಮ್ಮನ ಎದುರು ಹೇಳಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಮನೆಗೆ ತರಲು ವಾಸಂಬೋನ್ ಸಕ್ಕರೆ ಮಿಠಾಯಿ ಒಳ್ಳೆಯದು. ಉಪ್ಪು, ಸಕ್ಕರೆ, ಹತ್ತಿ ಈ ನಾಡಿನ ‘ಮೂರು ಬಿಳಿ’ಗಳು ಎಂದು ಹೆಸರಾಗಿದ್ದವು. ಸಕ್ಕರೆ ಮಾಡುವ ಪ್ರಯತ್ನ ಶುರುಮಾಡಿಸಿದವನು ತೋಟ ಮುಗಿಸಿದ ಯೊರಿತಕನೇ. ಸಣ್ಣ ಜಾತಿಯ ಕಬ್ಬಿನ ಕಚ್ಚಾ ಸಕ್ಕರೆಗೆ ಸ್ವಲ್ಪ ಸ್ವಲ್ಪ ನೀರು ಕೊಟ್ಟು ಕೈಯಲ್ಲಿ ನಾದಿ, ಹಿಂಡಿ, ಮತ್ತೆ ನಾದಿ ಕಾಕಂಬಿ ತೆಗೆಯುತ್ತಾರೆ. ಆ ನುಣುಪು ಪುಡಿಯನ್ನು ಮರದ ಅಚ್ಚಿಗೆ ಒತ್ತಿದರೆ ಹೂವು, ಎಲೆ. ದುಬಾರಿ, ತೇವಕ್ಕೆ ಬೇಗ ಹಾಳು. ಅಮ್ಮ ಒಂದನ್ನು ಫಿಲ್ಟರ್ ಕಾಫಿಗೆ ಹಾಕಿ ನೋಡಿದಳು. ಬೇಡ, ರುಚಿಯೇ ತಿಳಿಯುವುದಿಲ್ಲ. ನಾಲಗೆಯ ಮೇಲಿಟ್ಟು ಬಿಡಿ, ತಾನೇ ಕರಗುತ್ತದೆ.