ಐನ್‌ಮನೆಯ ಜೋಡುನಳಿಗೆ ಕೋವಿ: ಹುಟ್ಟು ಹುಡುಕಿದ್ದು, ದುರಸ್ತಿ ಮಾಡಿದ್ದು

ಕೊಡಗಿನ ನಮ್ಮ ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ಜೋಡುನಳಿಗೆ ಕೋವಿಯನ್ನು ಮಾಡಿದವರು ಯಾರೆಂದು ಕೇಳಿದರೆ ಮನೆಯವರೆಲ್ಲರೂ ನಳಿಗೆಗಳನ್ನು ಕೂಡಿಸುವ ಪಟ್ಟಿಯ ಮೇಲೆ ಕೊರೆದಿರುವ ‘ಆರ್. ಬಿ. ರೊಡ್ಡಾ, ಕಲ್ಕತ್ತ’ ಎಂಬ ಹೆಸರನ್ನೇ ತೋರಿಸುತ್ತಿದ್ದರು. 1914ರ ಆಗಸ್ಟ್‌ನಲ್ಲಿ ಬಂಗಾಳದ ಕ್ರಾಂತಿಕಾರಿಗಳು 50 ಮೌಸರ್ ಪಿಸ್ತೂಲುಗಳನ್ನು ಹೊತ್ತೊಯ್ದದ್ದು ಇದೇ ಸಂಸ್ಥೆಯ ಸರಕಿನಿಂದಲಾದ್ದರಿಂದ ಚರಿತ್ರೆ ಓದಿದವರಿಗೆ ಈ ಹೆಸರು ಗೊತ್ತಿರುತ್ತದೆ. ಆದರೆ ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾದ ಕೋವಿಗಳ ಮೇಲೆ ಮಾರುವವರ ಹೆಸರನ್ನು ಕೊರೆಸುವುದು ಆ ಕಾಲದ ವಾಡಿಕೆಯಾಗಿದ್ದುದರಿಂದ, ಪಟ್ಟಿಯ ಮೇಲಿನ ಬರಹವನ್ನು ಬದಿಗಿಟ್ಟು ನಳಿಗೆಯ ಅಡಿಭಾಗದಿಂದಲೇ ಹುಡುಕಾಟ ಆರಂಭಿಸಿದೆ.

ಕೋವಿ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು ನಳಿಗೆಗಳನ್ನು ಕಳಚಿ, ಹಳೆಯ ಜಿಡ್ಡನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದಾಗ, ಕಿರೀಟದ ಕೆಳಗೆ ಅಡ್ಡಡ್ಡಲಾಗಿ ಇಟ್ಟ ಎರಡು ರಾಜದಂಡಗಳ ಮುದ್ರೆ ಕಾಣಿಸಿತು. ಇದು 1813ರಲ್ಲಿ ಸ್ಥಾಪನೆಯಾದ, ನಳಿಗೆಗಳ ಗಟ್ಟಿತನ ಪರೀಕ್ಷಿಸಿ ಮುದ್ರೆ ಒತ್ತುವ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್‌ನ, 1904ಕ್ಕಿಂತ ಹಿಂದಿನ ಗುರುತು. ಎಡ ನಳಿಗೆಯ ಅಡಿಯಲ್ಲಿ ‘ನಾಟ್ ಫಾರ್ ಬಾಲ್’ ಎಂಬ ಬರಹವಿತ್ತು. ಬಾಯಿಯ ಬಳಿ ಕಿರಿದಾಗುವ, ಅಂದರೆ ಚೋಕ್ ಇರುವ ನಳಿಗೆಗೆ ಒಂಟಿ ಗುಂಡು ಹಾಕಬಾರದೆಂದು ಎಚ್ಚರಿಸುವ ಈ ಮಾತನ್ನು 1875ರಿಂದ 1887ರವರೆಗೆ ಮಾತ್ರ ಒತ್ತುತ್ತಿದ್ದರು. ಆಮೇಲೆ ಆ ಜಾಗಕ್ಕೆ ‘ಚೋಕ್’ ಎಂಬ ಒಂದೇ ಪದ ಬಂತು. 1887ರಿಂದ ಬಳಕೆಗೆ ಬಂದ, ತೋಟೆಯ ಅಳತೆ ಹೇಳುವ, ವಜ್ರಾಕೃತಿಯೊಳಗಿನ ‘12’ರ ಗುರುತು ಎಲ್ಲಿಯೂ ಇರಲಿಲ್ಲ. ಮನೆಯಲ್ಲಿ ಹೇಳಿಕೊಂಡು ಬಂದ ಯಾವ ಕಥೆಗಿಂತಲೂ ಬಿಗಿಯಾಗಿ ಈ ಮುದ್ರೆಗಳು ಕೋವಿಯ ಕಾಲವನ್ನು ಹನ್ನೆರಡು ವರ್ಷಗಳ ಒಳಗೆ ಹಿಡಿದಿಟ್ಟವು.

ತೋಟೆ ತುಂಬಲು ನಳಿಗೆಗಳ ಹಿಂಬದಿಯನ್ನು ತೆರೆಯುವ, ಕೋವಿಯ ಅಡಿಯಲ್ಲಿರುವ ಸನ್ನೆ ಹೆನ್ರಿ ಜೋನ್ಸ್ 1859ರಲ್ಲಿ ಪೇಟೆಂಟ್ ಪಡೆದ ಮಾದರಿಯದು. ಆತ ಶುಲ್ಕ ಕಟ್ಟಲಾಗದೆ ಹಕ್ಕನ್ನು ಕಳೆದುಕೊಂಡನೆಂಬುದು ಪ್ರಸಿದ್ಧ. ಆ ನಷ್ಟದ ಫಲವಾಗಿಯೇ ಅದು ಇಂಗ್ಲೆಂಡಿನ ಕೋವಿ ತಯಾರಕರೆಲ್ಲರ ಸ್ವತ್ತಾಯಿತು. ಹೊಡೆದ ಕೂಡಲೇ ತಾನಾಗಿ ತುಸು ಹಿಂದೆ ಸರಿದು ನಿಲ್ಲುವ ಕುದುರೆಗಳು, ಅಂದರೆ ತೋಟೆಯನ್ನು ಸಿಡಿಸುವ ಸುತ್ತಿಗೆಗಳು, ವುಲ್ವರ್‌ಹ್ಯಾಂಪ್ಟನ್‌ನ ಸ್ಟ್ಯಾಂಟನ್ 1867ರಲ್ಲಿ ರೂಪಿಸಿದ ಬಗೆಯವು. ನಳಿಗೆ ಒಬ್ಬನದು, ಈಡು ಸಿಡಿಸುವ ಯಂತ್ರಭಾಗವಾದ ಲಾಕ್ ಇನ್ನೊಬ್ಬನದು, ಮರಗೆಲಸ ಮತ್ತೊಬ್ಬನದು ಎಂಬುದು ಬರ್ಮಿಂಗ್‌ಹ್ಯಾಮ್‌ನ ಪದ್ಧತಿಯಾಗಿರುವಾಗ, ಮಾಡಿದವನು ಇಂಥವನೇ ಎಂದು ಒಂದೇ ಹೆಸರಿಗಾಗಿ ಹಟ ಹಿಡಿಯುವುದರಲ್ಲಿ ಅರ್ಥವಿಲ್ಲವೆಂದು ನನಗೆ ತೋರಿತು.

1861ರಲ್ಲಿ ಮೈಸೂರು ಮತ್ತು ಕೊಡಗಿನ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಆಯುಧ ಕಾನೂನಿನಿಂದ ಕೊಡವರಿಗೆ ನೀಡಿದ ವಿನಾಯಿತಿ ಇಂದಿಗೂ ಬೇರೆ ರೂಪದಲ್ಲಿ ಮುಂದುವರಿದಿರುವುದರಿಂದ ಇಂಥ ಕೋವಿಗಳು ಕೊಡಗಿನ ಮನೆಗಳಲ್ಲಿ ಉಳಿದಿವೆ. ಹಾಗೆಂದು ದುರಸ್ತಿಯನ್ನೆಲ್ಲ ನಾವೇ ಮಾಡಬಹುದೆಂದು ನಾನು ತಿಳಿಯಲಿಲ್ಲ. ನಳಿಗೆ ಮತ್ತು ಲಾಕ್‌ಗಳ ಕೆಲಸವನ್ನು ಪರವಾನಗಿಯಿರುವ ಕೋವಿ ರಿಪೇರಿಯವರಿಗೆ ಒಪ್ಪಿಸಿ, ಶುಚಿಗೊಳಿಸುವುದನ್ನೂ ಮರಗೆಲಸವನ್ನೂ ಮಾತ್ರ ಇಟ್ಟುಕೊಂಡೆ.

ಅವರು ಮೊದಲು ಮಾಡಿದ್ದು ನಳಿಗೆಗಳನ್ನು ತಂತಿಯಲ್ಲಿ ತೂಗುಹಾಕಿ ಮರದ ತುಂಡಿನಿಂದ ಮೆಲ್ಲಗೆ ತಟ್ಟಿದ್ದು. ಪಟ್ಟಿಯ ಬೆಸುಗೆ ಗಟ್ಟಿಯಿದ್ದರೆ ದೇವಸ್ಥಾನದ ಗಂಟೆಯಂತೆ ನಾದ ಉಳಿಯುತ್ತದೆ, ಬಿಟ್ಟಿದ್ದರೆ ಒಡಕು ದನಿ ಬರುತ್ತದೆ. ನಮ್ಮದು ನಾದ ಕೊಟ್ಟಿತು. ಲಾಕ್ ಬಿಚ್ಚಿದಾಗ ಒಳಗೆ ಜೇನುಬಣ್ಣದ ಅಂಟು ಗಟ್ಟಿಯಾಗಿತ್ತು. ತಲೆಮಾರುಗಳಿಂದ ಹಾಕಿದ ತೆಂಗಿನೆಣ್ಣೆಯ ಫಲವದು. ಇಂಗ್ಲಿಷ್ ಕೋವಿಯ ತಿರುಪುಗಳ ಸೀಳು ತೀರಾ ಸಣ್ಣದಾದ್ದರಿಂದ, ಪೇಟೆಯಲ್ಲಿ ಸಿಗುವ ತಿರುಪುಳಿಯ ತುದಿಯನ್ನು ಅರದಿಂದ ತೆಳುವಾಗಿಸಿ ಪ್ರತಿಯೊಂದಕ್ಕೂ ಹೊಂದಿಸಿಕೊಂಡರು. ಒಂದು ತಿರುಪು ಇನ್ನೊಂದರ ಜಾಗಕ್ಕೆ ಸರಿಹೊಂದದ ಕಾರಣ, ಎಲ್ಲವನ್ನೂ ರಟ್ಟಿನ ಮೇಲೆ ಚಿತ್ರ ಬರೆದು ಅವುಗಳದೇ ಸ್ಥಾನದಲ್ಲಿ ಚುಚ್ಚಿಟ್ಟರು.

ಕೆತ್ತನೆಯ ಗೆರೆಗಳಲ್ಲಿ, ಕೊಡವರು ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ಗಂಧ ಪದರಪದರವಾಗಿ ಒಣಗಿ ಕೂತಿತ್ತು. ಅದನ್ನು ಹದವಾದ ಎಣ್ಣೆಯಲ್ಲಿ ನೆನೆಸಿ ಬಿದಿರಿನ ಕಡ್ಡಿಯಿಂದ ಬಿಡಿಸಿದೆ. ಯಂತ್ರದ ಪಾಲಿಶ್ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಅಂಚುಗಳನ್ನು ದುಂಡಗಾಗಿಸಿ, ಕೆತ್ತನೆಯನ್ನೂ ಮುದ್ರೆಯನ್ನೂ ಒಟ್ಟಿಗೆ ಅಳಿಸುತ್ತದೆ. ವಾಲ್‌ನಟ್ ಮರದ ಹಿಡಿಯಲ್ಲಿ ತಗ್ಗಾಗಿದ್ದ ಕಡೆ ಒದ್ದೆಬಟ್ಟೆ ಹರಡಿ, ಬಿಸಿ ಇಸ್ತ್ರಿಯ ತುದಿಯನ್ನು ತಾಗಿಸಿದಾಗ ಆವಿಗೆ ನಾರು ಮೇಲೆದ್ದಿತು. ಚೌಕುಳಿ ಗೆರೆಗಳಿದ್ದ ಭಾಗಕ್ಕೆ ಮರಳುಕಾಗದ ತಾಗಿಸದೆ ಹಲ್ಲುಜ್ಜುವ ಬ್ರಷ್ಷಿನಿಂದಷ್ಟೇ ಉಜ್ಜಿದೆ. ನಂತರ ಅಗಸೆ ಎಣ್ಣೆಯ ಒಂದೆರಡು ಹನಿಯನ್ನು ಅಂಗೈಯಿಂದ ಬಿಸಿಯೇರುವವರೆಗೆ ತಿಕ್ಕಿ, ಪೂರ್ತಿ ಒಣಗಿದ ಮೇಲೆ ಮತ್ತೆ ತಿಕ್ಕುತ್ತ ಹೋದೆ. ಕೊಡಗಿನ ಮಳೆಗಾಲದಲ್ಲಿ ಇದು ಒಣಗುವುದೇ ಇಲ್ಲ. ಮಾಗಿಯವರೆಗೆ ಕಾಯುವುದು ಒಳ್ಳೆಯದು.

ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದ ಡಮಾಸ್ಕಸ್ ನಳಿಗೆಯ ಸುರುಳಿ ವಿನ್ಯಾಸ ಮಸುಕಾಗಿದ್ದರೂ, ಹೊಸದಾಗಿ ಕಂದುಬಣ್ಣ ಕೊಡಿಸಲಿಲ್ಲ. ಈ ಕೋವಿಯಿಂದ ಈಡು ಹೊಡೆಯುವುದಿಲ್ಲವೆಂದೂ ತೀರ್ಮಾನಿಸಿದೆ. ನಳಿಗೆಯೊಳಗೆ ತುಕ್ಕಿನ ಗುಳಿಗಳಿವೆ, ಪರೀಕ್ಷೆ ನಡೆದಿರುವುದು ಕಪ್ಪು ಮದ್ದಿಗೆ. ಹೊಗೆಯಿಲ್ಲದ ಮದ್ದಿನ ಮುದ್ರೆ ಇದರಲ್ಲಿಲ್ಲ. ತೋಟೆಯ ಗೂಡು ಎರಡೂವರೆ ಇಂಚಿನದಾದ್ದರಿಂದ, ಇಂದಿನ ಎರಡೂಮುಕ್ಕಾಲು ಇಂಚಿನ ತೋಟೆ ಒಳಗೆ ಕೂತಂತೆ ಕಂಡರೂ, ಸಿಡಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಅಪಾಯದ ಮಟ್ಟಕ್ಕೇರಬಹುದು. ಹಬ್ಬದ ದಿನ ತೆಂಗಿನಕಾಯಿಗೆ ಗುರಿಯಿಡಲು ಮನೆಯಲ್ಲಿ ಹೊಸ ಕೋವಿಯಿದೆ.

ಚರ್ಮದ ಚೀಲ ತೇವವನ್ನು ಹಿಡಿದಿಡುವುದರಿಂದ ಈಗ ಇದನ್ನು ಬೀಗ ಹಾಕಿದ ಕಪಾಟಿನಲ್ಲಿ ಚೀಲವಿಲ್ಲದೆಯೇ ನಿಲ್ಲಿಸಿ, ಎಣ್ಣೆ ಮರಕ್ಕೆ ಇಳಿಯದಂತೆ ನಳಿಗೆಯ ಬಾಯಿ ಕೆಳಗೆ ಮಾಡಿ ಇಟ್ಟಿದ್ದೇನೆ. ಮುದ್ರೆಗಳ ಛಾಯಾಚಿತ್ರಗಳೂ ಮಾಡಿದ ಕೆಲಸದ ವಿವರಗಳೂ ವಿನಾಯಿತಿ ಪತ್ರದ ಜೊತೆಯಲ್ಲೇ ಇವೆ.