ಪಡುವಣ ಬಿಸಿಲಿಗೆ ಬೆನ್ನು ಹಾಕುವ ಕೋಣೆ: ನನ್ನ ಅನುಭವ

ಇಟಲಿಯ ವೆರೋನಾ ಬಳಿ ಎಂಜಿನಿಯರ್ ಆಂಜೆಲೊ ಇನ್ವರ್ನಿಜ್ಜಿ 1930ರ ದಶಕದಲ್ಲಿ ಕಟ್ಟಿಸಿದ ವಿಲ್ಲಾ ಜಿರಾಸೋಲೆ ಬಿಸಿಲನ್ನು ಹಿಂಬಾಲಿಸಿ ತಿರುಗುತ್ತದೆ. ನಮ್ಮ ತಿಪಟೂರು ಕಡೆ ಬೇಕಾದ್ದು ಅದರ ಉಲ್ಟಾ, ಬಿಸಿಲಿಗೆ ಬೆನ್ನು ತಿರುಗಿಸುವ ಕೋಣೆ. ಇಲ್ಲಿ ಏಪ್ರಿಲ್ ಕೊನೆಗೂ ಆಗಸ್ಟ್ ನಡುವಿಗೂ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಆ ಬಿಸಿಲನ್ನು ಚಾವಣಿಯೇ ತಡೆಯಬೇಕು, ಕೋಣೆ ತಿರುಗಿಸಿ ಪ್ರಯೋಜನವಿಲ್ಲ. ಸಂಜೆ ಮೂರರಿಂದ ಆರರ ಪಡುವಣ ಬಿಸಿಲಿಗೆ ಮಾತ್ರ ತಿರುಗಣೆ ನಿಜವಾಗಿ ಕೆಲಸಕ್ಕೆ ಬರುತ್ತದೆ. ಅದಕ್ಕೇ ತೆಂಗಿನ ತೋಟದಲ್ಲಿ ಕಟ್ಟಿದ ಎಂಟು ಮೂಲೆಯ, 14 ಅಡಿ ಅಗಲದ ಕೋಣೆಗೆ ಒಂದು ಬದಿ ಪೂರ್ತಿ ಮುಚ್ಚಿ ಒಳಗೆ ಥರ್ಮಾಕೋಲ್ ಕೊಟ್ಟೆ, ಎದುರು ಬದಿಗೆ ಕಿಟಕಿ ಇಟ್ಟೆ. ಊಟವಾದ ಮೇಲೆ ಮುಚ್ಚಿದ ಬದಿಯನ್ನು ಪಡುವಣಕ್ಕೆ ತಂದರೆ ಮುಗಿಯಿತು.

ತಿರುಗಿಸಲು ಭಾರೀ ಶಕ್ತಿ ಬೇಕು ಅಂದುಕೊಳ್ಳುತ್ತಾರೆ, ಬೇಡ. ಕಬ್ಬಿಣದ ಚೌಕಟ್ಟು, ಸಿಮೆಂಟ್ ಬೋರ್ಡ್ ಗೋಡೆ, ಶೀಟ್ ಚಾವಣಿ ಎಲ್ಲ ಸೇರಿ ನಾಲ್ಕೂವರೆ ಟನ್. 12 ಅಡಿ ವ್ಯಾಸದ ಹಳಿಯ ಮೇಲೆ 8 ಇಂಚಿನ ಎಂಟು ಚಕ್ರ. ಹಳಿ ಮಟ್ಟವಾಗಿದ್ದರೆ ಅಂಚಿನಲ್ಲಿ 50ರಿಂದ 90 ಕಿಲೋ ಎಳೆತ ಸಾಕು. 1440 ಆರ್‌ಪಿಎಂನ ಕಾಲು ಎಚ್‌ಪಿ ಮೋಟಾರಿಗೆ ವೇಗ ತಗ್ಗಿಸುವ ವರ್ಮ್ ಗೇರ್ ಬಾಕ್ಸ್ ಎರಡು, 40:1 ಮತ್ತು 60:1ರವು, ಒಂದರ ಹಿಂದೊಂದು ಜೋಡಿಸಿದರೆ ಅರ್ಧ ಗಂಟೆಗೆ ಒಂದು ಸುತ್ತಿನ ವೇಗ ಬರುತ್ತದೆ. ವರ್ಮ್ ಗೇರ್ ಆದ್ದರಿಂದ ಗಾಳಿ ನೂಕಿದರೂ ಕೋಣೆ ತಾನಾಗಿ ಹೊರಳುವುದಿಲ್ಲ. ಮೋಟಾರಿನ ಎಳೆತ (ಡ್ರೈವ್) ಒಂದೇ ಚಕ್ರಕ್ಕೆ ಕೊಟ್ಟರೆ ಇಬ್ಬನಿ ಬಿದ್ದ ಬೆಳಗ್ಗೆ ಅದು ಜಾರುತ್ತದೆ. ಎದುರುಬದುರಿನ ಎರಡು ಚಕ್ರಕ್ಕೂ ಒಂದೊಂದು ಮೋಟಾರು ಕೊಡಬೇಕು.

ಕಷ್ಟವೆಲ್ಲ ಹಳಿಯದ್ದು. ಮೇಲಿನ ಕೆಮ್ಮಣ್ಣು ತೆಗೆದು ಗಟ್ಟಿ ಮೊರಂ ಸಿಗುವವರೆಗೆ ಅಗೆದು, ಕಬ್ಬಿಣ ಕಟ್ಟಿ ಉಂಗುರದಂತೆ ಕಾಂಕ್ರೀಟ್ ಹಾಕಬೇಕು. ಎರೆ ಮಣ್ಣಾದರೆ ಈ ಕೆಲಸಕ್ಕೆ ಕೈ ಹಾಕಬೇಡಿ, ಮಳೆಗೆ ಅದು ಉಬ್ಬಿದರೆ ಹಳಿಯೂ ಎದ್ದೀತು. ನೀರು ತುಂಬಿದ ಟ್ಯೂಬ್ ಲೆವೆಲ್ ನಂಬಿ ಮೊದಲು ಕೂರಿಸಿದಾಗ ಒಂದು ಕಡೆ 6 ಮಿ.ಮೀ. ತಗ್ಗಿತ್ತು. ಅಲ್ಲಿಗೆ ಬಂದ ಚಕ್ರ ನೆಲ ಬಿಟ್ಟು ತೂಗಾಡಿತು, ಭಾರವೆಲ್ಲ ಪಕ್ಕದೆರಡಕ್ಕೆ ಬಿತ್ತು. ಹಳಿಯ ಕೆಳಗೆ ತಗಡಿನ ಪಟ್ಟಿ ಕೊಟ್ಟು, ಕುಗ್ಗದ ಗ್ರೌಟ್ (ಸಿಮೆಂಟಿನ ಗಾರೆ) ತುಂಬಿ, ಲೇಸರ್ ಮಟ್ಟದಲ್ಲಿ 2 ಮಿ.ಮೀ. ಒಳಗೆ ತಂದ ಮೇಲೆ ಸರಿಹೋಯಿತು. ಚಕ್ರದ ಅಚ್ಚುಗಳೆಲ್ಲ, ಕೋಣೆ ಯಾವುದರ ಸುತ್ತ ತಿರುಗುತ್ತದೋ ಆ ನಡುವಿನ ಗೂಟದತ್ತ ನೇರ ನೋಡಬೇಕು. ಒಂದು ಸೊಟ್ಟಗಿದ್ದರೂ ಕಿರ್ರನೆ ಉಜ್ಜಿ, ಹಳಿಯ ಪಕ್ಕ ಹೊಳೆಯುವ ಕಬ್ಬಿಣದ ಪುಡಿ ಬೀಳುತ್ತದೆ. ದಿನವೂ ಬಗ್ಗಿ ನೋಡಬೇಕಾದ್ದು ಆ ಪುಡಿಯನ್ನೇ.

ಪೂರ್ತಿ ಸುತ್ತು ತಿರುಗಿಸುವ ಆಸೆ ಬಿಡಿ, 270 ಡಿಗ್ರಿ ಸಾಕು. ನಡುವಿನ ಗೂಟದ ಟೊಳ್ಳಿನಿಂದ ಕರೆಂಟಿನ ವೈರನ್ನು ಸಡಿಲ ಸುರುಳಿಯಾಗಿ ಮೇಲೆ ತರಬಹುದು. ಎರಡೂ ಕೊನೆಗೆ ಮೋಟಾರನ್ನು ತಾನಾಗಿ ನಿಲ್ಲಿಸುವ ಲಿಮಿಟ್ ಸ್ವಿಚ್ ಇರಲಿ, ಜೊತೆಗೆ ಕಬ್ಬಿಣದ ತಡೆಯೂ ಇರಲಿ. ಸ್ವಿಚ್ಚಿಗೆ ಧೂಳು ತುಂಬಿ ಕೈಕೊಟ್ಟರೆ ವೈರು ಹರಿಯುತ್ತದೆ. ನೀರು, ಕಕ್ಕಸು ಒಳಗೆ ಬೇಡವೇ ಬೇಡ. ತಿರುಗುವ ಜೋಡಣೆಯಲ್ಲಿ ಕೊಳಚೆ ಸೋರಿದರೆ ಕೈ ಹಾಕಲು ಜಾಗವಿರುವುದಿಲ್ಲ. ಅವನ್ನು ಪಕ್ಕದಲ್ಲೇ ಬೇರೆ ಕಟ್ಟಿ. ಇಡೀ ಮನೆ ತಿರುಗಿಸಬೇಕೆಂದು ಕೇಳುವವರಿಗೂ ಇದೇ ಕಾರಣಕ್ಕೆ ಒಂದೇ ಕೋಣೆ ಸಾಕು ಎನ್ನುತ್ತೇನೆ.

ಮುಂಗಾರಿಗೆ ಮುಂಚಿನ ಬಿರುಗಾಳಿ ಶೀಟನ್ನೂ ಅದರ ಜೊತೆ ಕೋಣೆಯನ್ನೂ ಎತ್ತಲು ನೋಡುತ್ತದೆ. ಹಳಿಯ ಅಂಚಿನ ಕೆಳಗೆ ಸಿಕ್ಕಿಕೊಳ್ಳುವ ನಾಲ್ಕು ಕೊಕ್ಕೆಗಳನ್ನು 5 ಮಿ.ಮೀ. ಸಡಿಲ ಬಿಟ್ಟು ಚೌಕಟ್ಟಿಗೆ ಬೆಸೆಯಿರಿ. ತೋಟದಲ್ಲಿ ಹಳಿಯ ಮೇಲೆ ಕಲ್ಲಿನ ಹರಳು ಬೀಳುವುದು ತಪ್ಪುವುದಿಲ್ಲ, ಪ್ರತಿ ಚಕ್ರದ ಮುಂದೆಯೂ ಹಿಂದೆಯೂ ತೆಂಗಿನ ನಾರಿನ ಬ್ರಷ್ ಕಟ್ಟಿ. ಗ್ರೀಸ್ ಬೇರಿಂಗಿಗೆ ಮಾತ್ರ. ಹಳಿಗೆ ಹಚ್ಚಿದರೆ ಡ್ರೈವ್ ಚಕ್ರ ನಿಂತಲ್ಲೇ ಸುತ್ತುತ್ತದೆ.