ಜಪಾನಿನ ಹೊಸ ಮನೆ: ಕೀಲಿ ಈಸಿಕೊಳ್ಳುವ ಮುಂಚೆ ನೆಲದಡಿ ಬಗ್ಗಿ ನೋಡಿ

ಟೋಕಿಯೋದಲ್ಲಿ ಕೆಲಸ ಮಾಡುತ್ತಾ ಪಕ್ಕದ ಸೈತಾಮಾ, ಚಿಬಾ ಪ್ರಾಂತ್ಯಗಳ ಕಡೆ ಮನೆ ಕೊಳ್ಳುವ ಕನ್ನಡದವರು ಸಾಮಾನ್ಯವಾಗಿ ಕೊಳ್ಳುವುದು 'ತತೆಉರಿ'. ಅಂದರೆ ಕಟ್ಟಿ ಮುಗಿಸಿ, ಜಾಗದ ಸಮೇತ ಮಾರುವ ಹೊಸ ಮನೆ. ಸಾಲಾಗಿ ಆರೇಳು ಮನೆ, ಮುಂದೆ ಪಟಪಟ ಹಾರುವ ಬಾವುಟ. ಇಂಥದ್ದನ್ನು ಕೊಂಡ ನಾಲ್ಕೈದು ಗೆಳೆಯರ ಜೊತೆ ನಾನೂ ಓಡಾಡಿದ್ದೇನೆ. ಎಲ್ಲರೂ ಎಡವಿದ್ದು ಒಂದೇ ಕಡೆ.

ಮೊದಲು ಜಾಗ. ಜಾಹೀರಾತಿನಲ್ಲಿ 'ಸ್ಟೇಷನ್‌ನಿಂದ 15 ನಿಮಿಷ' ಅಂದರೆ 1,200 ಮೀಟರ್. ನಿಮಿಷಕ್ಕೆ 80 ಮೀಟರ್ ಲೆಕ್ಕ. ಏರು, ಸಿಗ್ನಲ್ ಅದರಲ್ಲಿ ಸೇರುವುದಿಲ್ಲ. ನಡೆದೇ ನೋಡಿ. ಪ್ರವಾಹದ ನಕ್ಷೆಯನ್ನು ಕರಾರಿಗೆ ಮುಂಚೆ ತೋರಿಸಬೇಕು ಅಂತ 2020ರ ಆಗಸ್ಟ್‌ನಿಂದ ನಿಯಮ ಇದೆ. ಆದರೆ ಅಷ್ಟೊತ್ತಿಗೆ ಮನಸ್ಸು ಮನೆಗೆ ಸೋತಿರುತ್ತದೆ. ನೀವೇ ಮೊದಲು ಹುಡುಕಿ. ಟೋಕಿಯೋದಲ್ಲಿ ಭಾರತೀಯರು ಜಾಸ್ತಿ ಇರುವ ಎದೊಗಾವಾ ವಾರ್ಡಿನ 2019ರ ನಕ್ಷೆ, ಪ್ರವಾಹ ಬಂದಾಗ ಇಲ್ಲಿ ಇರಬಾರದು ಅಂತ ಮುಖಪುಟದಲ್ಲೇ ಹೇಳಿತ್ತು.

ವಾಸ್ತು ನೋಡುವವರಿಗೆ ಒಂದು ಮಾತು. ನಾವು ಹಿಂಜರಿಯುವ ದಕ್ಷಿಣ ದಿಕ್ಕಿಗೇ ಅಲ್ಲಿನವರು ದುಡ್ಡು ಜಾಸ್ತಿ ಕೊಡುತ್ತಾರೆ. ಚಳಿಗಾಲದ ಬಿಸಿಲು ಮನೆಯೊಳಗೆ ಬರುವುದು ಆ ಕಡೆಯಿಂದ. ಜನವರಿಯ ಚಳಿಯಲ್ಲಿ ಒಂದು ವಾರ ಕಳೆದರೆ ನೀವೂ ಕೊಡುತ್ತೀರಿ.

ಅರ್ಜಿ, ಸಾಲ, ಕರಾರು, ಮುಂಗಡ ಎಲ್ಲವನ್ನೂ ದಲ್ಲಾಳಿ ಕಂಪನಿ ನಡೆಸಿಕೊಡುತ್ತದೆ. ಕಾಯಂ ವಾಸದ ಪರವಾನಗಿ ಇಲ್ಲದಿದ್ದರೆ ಸಾಲ ಕೊಡುವ ಬ್ಯಾಂಕು ಕಡಿಮೆ, ಅಷ್ಟೆ. ಬೆಲೆಯ ಶೇ 3, ಮೇಲೆ 60,000 ಯೆನ್, ಅದಕ್ಕೆ ತೆರಿಗೆ: ಇದು ದಲ್ಲಾಳಿ ಕಮಿಷನ್ನಿನ ಮಿತಿ, ನಿಗದಿ ದರ ಅಲ್ಲ. ಚೌಕಾಸಿ ಮಾಡಿ.

ಈಗ ಎಡವುವ ಜಾಗ. ಕೀಲಿ ಕೊಡುವ ಮುಂಚೆ ಮನೆ ತೋರಿಸುವ ದಿನವೊಂದಿದೆ, 'ನೈರಂಕೈ'. ನಮ್ಮವರು ಗೃಹಪ್ರವೇಶದ ಹಾಗೆ ಮಕ್ಕಳು ಮರಿ ಕಟ್ಟಿಕೊಂಡು ಹೋಗಿ, ಫೋಟೋ ತೆಗೆದು, ಅರ್ಧ ಗಂಟೆಯಲ್ಲಿ ಸಹಿ ಹಾಕುತ್ತಾರೆ. ಬೇಡ. ಬೆಳಗ್ಗೆ ಹೋಗಿ, ಮೂರು ಗಂಟೆ ಇಟ್ಟುಕೊಳ್ಳಿ. ಟಾರ್ಚು, ಅಳತೆ ಟೇಪು, ಬಣ್ಣದ ಮಾಸ್ಕಿಂಗ್ ಟೇಪು ತಗೊಳ್ಳಿ.

ಎಲ್ಲ ನಲ್ಲಿ ಬಿಟ್ಟು ಹತ್ತು ನಿಮಿಷ ನೀರು ಹರಿಸಿ. ಆಮೇಲೆ ಅಡುಗೆಮನೆ ನೆಲದ ಮುಚ್ಚಳ ತೆಗೆಯಿರಿ. ಸಾಮಾನು ಇಡುವ ಪ್ಲಾಸ್ಟಿಕ್ ಡಬ್ಬಿ ಕಾಣುತ್ತದೆ. ಅದನ್ನೂ ಎತ್ತಿದರೆ ನೆಲದಡಿಯ ಟೊಳ್ಳು ಜಾಗ, ಅದರ ತಳದಲ್ಲಿ ಅಡಿಪಾಯ. ಟಾರ್ಚು ಹಾಕಿ ತಲೆ ಇಳಿಸಿ. ನೀರು ನಿಂತಿದೆಯಾ? ಪೈಪಿನ ಜೋಡಣೆ ಒದ್ದೆಯಾಗಿದೆಯಾ? ಚಳಿ ತಡೆಯುವ ಹಲಗೆ ಜೋತುಬಿದ್ದಿದೆಯಾ? ಗೆಳೆಯನೊಬ್ಬ ಇದನ್ನು ನೋಡದೆ ಸಹಿ ಹಾಕಿದ. ಸಿಂಕಿನ ಪೈಪು ಸೋರುತ್ತಿದ್ದದ್ದು ಗೊತ್ತಾಗಿದ್ದು ಮಳೆಗಾಲದ ಮುಗ್ಗಲು ವಾಸನೆಯಿಂದ. ಅಡಿಪಾಯದಲ್ಲಿ ಅರ್ಧ ಮಿಲಿಮೀಟರಿಗಿಂತ ಅಗಲದ ಬಿರುಕಿದ್ದರೆ ಬರಹದಲ್ಲೇ ಉತ್ತರ ಕೇಳಿ. ಹಾಗೇ ಬಚ್ಚಲುಮನೆ ಸೂರಿನ ಮುಚ್ಚಳ ತಳ್ಳಿ, ಗಾಳಿ ಕೊಳವೆ ಸಿಕ್ಕಿಸಿದ್ದಾರಾ ನೋಡಿ.

ನೆಲ ಓರೆಯಾ ಅಂತ ಗೋಲಿ ಉರುಳಿಸುವವರಿದ್ದಾರೆ. ಗೋಲಿ ಎಲ್ಲಿ ಬಿಟ್ಟರೂ ಉರುಳುತ್ತದೆ ಅಲ್ವಾ! ಮೊಬೈಲ್ ಆ್ಯಪ್ ಕೂಡ ಸುಮ್ನೆ. ಲೇಸರ್ ಲೆವೆಲ್ ಬೇಕು. ಅಲ್ಲಿನ ಸರ್ಕಾರದ ಮಾನದಂಡದಂತೆ, ಮೂರು ಮೀಟರಿಗೆ 18 ಮಿಲಿಮೀಟರ್ ಇಳಿದಿದ್ದರೆ ರಚನೆಯಲ್ಲೇ ದೋಷ ಇರುವ ಸಂಭವ ಜಾಸ್ತಿ. ಹಣ ಹೋದರೂ ಸರಿ, ಮನೆ ಪರೀಕ್ಷಕರನ್ನು ಕರೆದುಕೊಂಡೇ ಹೋಗಿ. ಮಾರುವವರು ತೋರಿಸಿದವರನ್ನಲ್ಲ, ನೀವೇ ಹುಡುಕಿದವರನ್ನು.

ಬಾಗಿಲು, ಕಿಟಕಿ, ಗೋಡೆ ಕಾಗದ ನೋಡುವುದು ಸುಲಭ. ದೋಷ ಕಂಡಲ್ಲಿ ಟೇಪು ಅಂಟಿಸಿ, ಪಟ್ಟಿ ಮಾಡಿ, ಸರಿಪಡಿಸುವ ದಿನಾಂಕ ಬರೆಸಿಕೊಳ್ಳಿ. ಹತ್ತು ವರ್ಷದ ಕಾನೂನಿನ ಹೊಣೆ ಮುಖ್ಯ ರಚನೆಗೆ, ಮಳೆ ನೀರಿನ ಸೋರಿಕೆಗೆ ಮಾತ್ರ. ಗೀರಿಗೆ ಅಲ್ಲ. ರಿಪೇರಿ ಕಣ್ಣಾರೆ ನೋಡಿ, ಆಮೇಲೆ ಬಾಕಿ ಹಣ ಕೊಡಿ.

ಎಷ್ಟೋ ತತೆಉರಿಗಳಲ್ಲಿ ಕರ್ಟನ್ ಕಂಬಿ, ಟಿವಿ ಆಂಟೆನಾ, ಸೊಳ್ಳೆ ಜಾಲರಿ ಬೆಲೆಯಲ್ಲಿ ಸೇರಿರುವುದಿಲ್ಲ. ಮಾರುವವರ ದರಪಟ್ಟಿಗೆ ಮರುಳಾಗಬೇಡಿ. ಹೊರಗೆ ವಿಚಾರಿಸಿ. ಜಾಲರಿ ಮಾತ್ರ ಜೂನ್ ಒಳಗೆ ಹಾಕಿಸಿಬಿಡಿ.